ಮಾಳಿಗೆ ಏರಿದ ತೂರುವ ಯಂತ್ರ

ಬೀಗಿತ್ತಿ ಗುಂಡಮ್ಮ ಕಮಲಾಪುರದಿಂದ ಬಂಡಿ ಕಟ್ಟಿಸಿಕೊಂಡು ಬರುತ್ತಿದ್ದಾಳೆ ಎಂದು ಟಾಂಗಾದವನೊಬ್ಬ ಮಧ್ಯಾಹ್ನ ಸುದ್ದಿ ತಂದಾಗ ನನ್ನ ಮೈಯೆಲ್ಲ ಉರಿದುಹೋಯಿತು. ಮಗಳು ಚಂದಮ್ಮನಿಗೆ ಒಂಬತ್ತು ತಿಂಗಳು. ಚೊಚ್ಚಲ ಬಾಣಂತನ ತವರಿನದು, ಅದು ನನ್ನ ಹಕ್ಕು. ಗುಂಡಮ್ಮನ ಹಟವೇ ಬೇರೆ. "ಕಲಬುರ್ಗಿ ಬಿಸಿಲಾಗ ನನ್ನ ಸೊಸಿ ಬೇಯೂದು ಬ್ಯಾಡ, ನಮ್ಮ ಬಾಳಿತೋಟದ ಮನಿ ತಂಪದ, ಕರಕೊಂಡು ಬರತೇನಿ" ಎಂದು ಮೊದಲೇ ಹೇಳಿಕಳಿಸಿದ್ದಳು. ನಿಜಾಮಶಾಹಿಯ ಆ ತಗ್ಗುದಿನ್ನೆಯ ಹಾದಿಯಲ್ಲಿ ತುಂಬು ಬಸುರಿಯನ್ನು ಕುಲುಕಿಸಿಕೊಂಡು ಒಯ್ಯುವುದೇ? ನಾನಿರುವ ತನಕ ಆಗದ ಮಾತು!

ಹಾಗೆಂದು ಅವಳು ಹೇಳಿದ್ದು ಸುಳ್ಳೂ ಅಲ್ಲ. ಸಂಜೆಯಾದರೆ ನಮ್ಮ ಮನೆ ಕಾದ ಹಂಚು. ಮಣ್ಣಿನ ಮಾಳಿಗೆ ಹಗಲೆಲ್ಲ ಕುಡಿದ ಬಿಸಿಲನ್ನು ನಮ್ಮ ಮೇಲೆ ಸುರಿಯುತ್ತಿತ್ತು. ಲಾವಂಚದ ತಟ್ಟಿ ಕಟ್ಟಿಸಿದೆವು, ಪಂಖಾ ಎಳೆಯಲು ಆಳಿಟ್ಟೆವು. ಖರ್ಚಾಯಿತು, ಅದೇ ಬಿಸಿಗಾಳಿ ಆ ಗೋಡೆಯಿಂದ ಈ ಗೋಡೆಗೆ ತಿರುಗಿತು ಅಷ್ಟೇ.

ಗುಂಡಮ್ಮ ಬರುವ ಸುದ್ದಿ ಕೇಳಿ ನಮ್ಮ ಮನೆಯವರಿಗೆ ಒಂದು ಉಪಾಯ ಹೊಳೆಯಿತು. ಕಾಳಿನ ಪೇಟೆಯಾದ ಗಂಜಿನಲ್ಲಿದ್ದ ನಮ್ಮ ಅಂಗಡಿಯಲ್ಲಿ ಕಾಳು ತೂರುವ ಯಂತ್ರವೊಂದಿತ್ತು: ಮರದ ದೊಡ್ಡ ಪೆಟ್ಟಿಗೆ, ಒಳಗೆ ರೆಕ್ಕೆಗಳು, ಹೊರಗೆ ಕೈಯಿಂದ ತಿರುಗಿಸುವ ಹಿಡಿಕೆ.

"ಅದನ್ನ ಮಾಳಿಗಿ ಬೆಳಕಿಂಡಿಗೆ ಕೂಡ್ರಸ್ತೇನಿ. ಇಡೀ ಮನಿಗೆ ಒಂದ ಪಂಖಾ, ನೋಡು!" ಎಂದರು.

"ಹುಚ್ಚು ಹಿಡದದೇನ್ರಿ ನಿಮಗ?" ಎಂದೆ. ಬಾಯಿ ಹಾಗೆಂದಿತು, ಎದೆ ಆಗಲೇ ಕುಣಿಯುತ್ತಿತ್ತು.

ಬಡಿಗ ಸೂಗಪ್ಪ ಇಬ್ಬರು ಹಮಾಲರೊಂದಿಗೆ ಅದನ್ನು ಹಗ್ಗ ಕಟ್ಟಿ ಮೇಲಕ್ಕೆಳೆದ. ಓಣಿಗೆ ಓಣಿಯೇ ನೆರೆಯಿತು. ಗಾಳಿ ಬರುವ ಬಾಯಿಯನ್ನು ಬೆಳಕಿಂಡಿಗೆ ಸರಿಯಾಗಿ ಕೂರಿಸಿ ಹಿಡಿಕೆ ತಿರುಗಿಸಿದ. ಕೆಳಗೆ ನಾವೆಲ್ಲ ಮುಖವೆತ್ತಿ ನಿಂತಿದ್ದೆವು. ಅಯ್ಯಯ್ಯೋ! ಹೋದ ಸುಗ್ಗಿಯ ಜೋಳದ ಹೊಟ್ಟು, ದೂಳು, ಮಾಳಿಗೆಯ ಝಳ ಒಟ್ಟಿಗೇ ತಲೆಯ ಮೇಲೆ ಬಿದ್ದವು. ಚಂದಮ್ಮ ಸೀನಿ ಸೀನಿ ಸುಸ್ತಾದಳು. ಮನೆ ಮೊದಲಿಗಿಂತ ಹೆಚ್ಚು ಕಾಯಿತು.

ನಾನು ದಡದಡ ನಿಚ್ಚಣಿಕೆ ಏರಿದೆ. "ಸೂಗಪ್ಪ, ಮನಿ ತಂಪ ಮಾಡಾಕ ಬಂದೀಯೋ, ನಮ್ಮನ್ನ ತೂರಾಕ ಬಂದೀಯೋ?" ಎಂದು ಬೈಯುತ್ತ ಯಂತ್ರದ ಮಗ್ಗುಲಿಗೆ ಹೋದದ್ದೇ ತಡ, ನನ್ನ ಸೆರಗು ಸರ್ರನೆ ಹಾರಿ ಅಲ್ಲಿದ್ದ ಜಾಲರಿಗೆ ಅಂಟಿಕೊಂಡಿತು. ಎಳೆದರೂ ಬರಲೊಲ್ಲದು. ಬೈಯುವುದನ್ನು ಬಿಟ್ಟು ಕೂಗಿದೆ:

"ಏ ಸೂಗಪ್ಪ, ನಿಲ್ಲಸು! ಇದು ಬಾಯಿಂದ ಊದ್ತದ, ಮಗ್ಗಲಿಂದ ಎಳೀತದ. ನಾವು ಮಾಳಿಗಿ ಸೆಕಿ ಒಳಗ ತುಂಬಾಕತ್ತೀವಿ. ಹೊರಗ ಹಾಕಬೇಕಪ್ಪ! ಮಗ್ಗಲು ಬೆಳಕಿಂಡಿಗೆ ಕೂಡ್ರಸು."

"ಇದ್ದ ಗಾಳಿ ಹೊರಗ ಹಾಕಿದರ ನಮಗ ಗಾಳಿ ಎಲ್ಲಿಂದ ಬರಬೇಕ್ರಿ ಅವ್ವಾರ?"

"ಹಿತ್ತಲ ಬಾಗಲಿಂದ ಬರತದ. ಬೇವಿನ ಗಿಡ, ಬಾವಿ ಎಲ್ಲಾ ಅಲ್ಲೇ ಅದಾವ. ಜಲ್ದಿ ಮಾಡು!"

ಅಷ್ಟರಲ್ಲಿ ಹೊತ್ತು ಮುಳುಗಿ ಹೊರಗೆ ತಂಪಾಗತೊಡಗಿತ್ತು. ಒಂದು ಮಗ್ಗುಲಿನ ಜಾಲರಿ ಬೆಳಕಿಂಡಿಯ ಮೇಲೆ ಬರುವಂತೆ ಯಂತ್ರವನ್ನು ಅಡ್ಡ ಮಲಗಿಸಿ, ಮೇಲಾದ ಇನ್ನೊಂದು ಮಗ್ಗುಲು ಗಾಳಿ ಎಳೆಯದಂತೆ ಅದಕ್ಕೆ ಹಲಗೆ ಹೊಡೆದರು. ನಾನು ಮುಂಬಾಗಿಲು ಹಾಕಿ ಹಿತ್ತಲ ಬಾಗಿಲು ತೆರೆದೆ. ಹಿಡಿಕೆ ತಿರುಗಿತು. ಮೊದಲು ಏನೂ ಇಲ್ಲ. ಆಮೇಲೆ ದೀಪದ ಕುಡಿ ಬಾಗಿತು. ತಣ್ಣನೆ ಗಾಳಿ ಪಾದಕ್ಕೆ ತಾಗಿತು, ಮೊಣಕಾಲಿಗೆ ಏರಿತು, ಮೂಲೆಮೂಲೆಯ ಸೆಕೆ ಎದ್ದು ಮೇಲೆ ಹೋಯಿತು. "ಯವ್ವಾ, ಬಂತು! ಬಂತು!" ಎಂದು ಚಂದಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ನನಗೆ ಖುಷಿಗೆ ಕಣ್ಣೀರೇ ಬಂತು.

ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಗುಂಡಮ್ಮ, ಬೆವರು ಒರೆಸಿಕೊಳ್ಳುತ್ತ.

"ಚಂದಮ್ಮ, ಗಂಟು ಕಟ್ಟು. ನಸುಕಿನ್ಯಾಗ ಹೊಂಡೂನು" ಎನ್ನುತ್ತಲೇ ಒಳಗೆ ಬಂದಳು. ಪಡಸಾಲೆಯ ನಡುವೆ ನಿಂತಳು. ಅತ್ತಿತ್ತ ನೋಡಿದಳು. ಅಲ್ಲೇ ಕುಳಿತಳು. ನಾನು ಬೆಲ್ಲ, ನೀರು ತಂದಿಟ್ಟೆ. ನೋಡನೋಡುತ್ತಿದ್ದಂತೆ ಕಂಬಕ್ಕೊರಗಿ ಗೊರಕೆ ಹೊಡೆಯತೊಡಗಿದಳು!

ನಸುಕಿಗೆ ಬಂಡಿಯವನು ಎತ್ತು ಹೂಡಿ ಕರೆದ. ಗುಂಡಮ್ಮ ಸೊಸೆಯ ತಲೆ ಸವರಿ ಹೊರಗೆ ಹೋದಳು.

"ನನ್ನ ಸೊಸಿ ಇಲ್ಲೇ ಹಡೀತಾಳ, ನೀ ಹೋಗು" ಎಂದಳು ಅವನಿಗೆ. ನಾನು ಕುಣಿದುಬಿಡಬೇಕು, ಅಷ್ಟರಲ್ಲಿ ಅವನನ್ನು ಮತ್ತೆ ಕೂಗಿದಳು.

"ತಿರುಗಿ ಬರೂ ಮುಂದ ನನ್ನ ಹಾಸಗಿ, ಸೀರಿ ಗಂಟು ಎಲ್ಲಾ ಹೇರಿಕೊಂಡು ಬಾ. ಕೂಸಿನ್ನ ತೊಟ್ಟಲಕ್ಕ ಹಾಕೂತನ ನಾನೂ ಇಲ್ಲೇ ಇರತೇನಿ."