ನೂರ ಮೂವತ್ತೇಳನೆಯ ಪ್ರಬಂಧದ ಖಾಲಿ ಜಾಗ

ಎಲ್ಲಿಂದ ಶುರು ಮಾಡಲಿ? ಮೊದಲ ಕರಡಿನಲ್ಲಿ ಬೆಂಕಿಯಿತ್ತು, ಕಿಡಿಗಳಿದ್ದವು. ಹರಿದು ಹಾಕಿದೆ. ಈ ಕಥೆಯಲ್ಲಿ ಎಲ್ಲರೂ ಕುರ್ಚಿಯ ಮೇಲೆ ಕೂತೇ ಇರುತ್ತಾರೆ.

೧
ಲೋಹದ ಪುಡಿಯನ್ನು ಅಚ್ಚಿನಲ್ಲಿ ಒತ್ತಿ, ಕರಗದಷ್ಟು ಹದವಾಗಿ ಸುಟ್ಟು ಯಂತ್ರದ ಬಿಡಿಭಾಗ ಮಾಡುತ್ತಾರಲ್ಲ, ಆ ವಿದ್ಯೆಯ ಸಮ್ಮೇಳನ. ಬಂದ ಇನ್ನೂರ ಹನ್ನೆರಡು ಪ್ರಬಂಧಗಳನ್ನು ವಿಂಗಡಿಸುವ ಕೆಲಸ ಈ ಕಥೆಯ ಅಕ್ಕನದು. ಪುಡಿ ತಯಾರಿ, ಮಿಶ್ರಣ, ಒತ್ತುವಿಕೆ, ಕುಲುಮೆ, ಪರೀಕ್ಷೆ, ಇತರೆ. ('ಇತರೆ' ಎಂದರೆ ಮೆಟ್ಟಿಲ ಪಕ್ಕ ಗೋಡೆಗೆ ಅಂಟಿಸುವ ಪೋಸ್ಟರ್. ಯಾರೂ ನಿಂತು ಓದುವುದಿಲ್ಲ.)

೨
ಬುಧವಾರ ಮಧ್ಯಾಹ್ನ ನೂರ ಮೂವತ್ತೇಳನೆಯದು ತೆರೆದುಕೊಂಡಿತು. ಬರೆದವಳು ಅಕ್ಕನ ಸ್ವಂತ ತಂಗಿ. ಮಾತು ಬಿಟ್ಟು ಆರು ವರ್ಷ.

ಆಗ ಇಬ್ಬರೂ ಒಂದೇ ಲ್ಯಾಬಿನಲ್ಲಿದ್ದರು. ಮಿಶ್ರಣ ತಂಗಿಯದು, ಕುಲುಮೆ ಅಕ್ಕನದು. ಒಂದು ಸಲ ಸುಟ್ಟ ಹಲ್ಲುಚಕ್ರಗಳೆಲ್ಲ ಬಿರುಕು ಬಿಟ್ಟವು. 'ಮಿಶ್ರಣದ ದೋಷ' ಎಂದು ಅಕ್ಕ ವರದಿ ಬರೆದಳು. ತಂಗಿ ಕೆಲಸ ಬಿಟ್ಟಳು.

ಈಗ ಬೇರೊಂದು ಲ್ಯಾಬಿನಲ್ಲಿ ಅದೇ ಮಿಶ್ರಣವನ್ನು ಮತ್ತೆ ಸುಟ್ಟು ನೋಡಿದ್ದಾಳೆ. ಕುಲುಮೆಗೆ ಒಣ ಅನಿಲ ಬಿಟ್ಟರೆ ಒಂದೂ ಬಿರುಕಿಲ್ಲ. ಅನಿಲಕ್ಕೆ ತೇವ ಸೇರಿಸಿದರೆ ಎಲ್ಲವೂ ಬಿರುಕು. ದೋಷ ಕುಲುಮೆಯದು. ಅರ್ಜಿಯಲ್ಲಿ 'ವಿಭಾಗ' ಎಂಬಲ್ಲಿ ಮಾತ್ರ ಏನನ್ನೂ ಬರೆದಿಲ್ಲ.

೩
ಇಲ್ಲಿ ಅಕ್ಕನ ಕಣ್ಣಲ್ಲಿ ನೀರು ತರಿಸಿದ್ದೆ.

"ನಾನು ಅತ್ತಿಲ್ಲ. ಹೊಡೆದು ಹಾಕಿ ಅದನ್ನ," ಎಂದಳು ಅಕ್ಕ.

"ಮತ್ತೇನು ಮಾಡಿದೆ?"

"ಒಂಬತ್ತನೇ ಪುಟದ ಪಟ್ಟಿ ಎರಡು ಸಲ ಓದಿದೆ. ಆ ಹಲ್ಲುಚಕ್ರ ಸುಟ್ಟ ದಿನ ತೇವ ಅಳೆಯೋ ಮೀಟರು ಕೆಟ್ಟಿತ್ತು. ನಂಗೊತ್ತಿತ್ತು."

(ಇದು ನನಗೆ ಗೊತ್ತಿರಲಿಲ್ಲ. ನನ್ನ ಪಾತ್ರ ನನಗೇ ಟೋಪಿ ಹಾಕಿದೆ.)

೫
ನಾಲ್ಕನೆಯದರಲ್ಲಿ ಅಕ್ಕನ ಪರ ವಕಾಲತ್ತು ಮಾಡಿದ್ದೆ. ಅದನ್ನು ಓದಿ ಅವಳೇ ಬೇಡವೆಂದಳು.

ಸಮ್ಮೇಳನದ ಸಂಚಾಲಕರು ಕನ್ನಡಕ ಒರೆಸುತ್ತ, "ಇತರೆಗೆ ತಳ್ಳಿಬಿಡಿ. ಹಳೇ ಪುರಾಣ ಯಾರಿಗೆ ಬೇಕು?" ಎಂದರು.

"ಅದು ಕುಲುಮೆಗೆ ಸೇರಿದ್ದು ಸರ್. ಬರೆದೋಳು ನನ್ನ ತಂಗಿ, ಅದೂ ನಿಮಗೆ ಗೊತ್ತಿರಲಿ. ನನ್ನ ಹಳೇ ವರದಿ ತಪ್ಪು ಅಂತ ಲ್ಯಾಬಿಗೂ ಬರೆದಿದೀನಿ."

"ನಿಮ್ಮ ಹೆಸರು ಕೆಡುತ್ತಲ್ಲಮ್ಮ."

"ಆರು ವರ್ಷ ಅವಳದ್ದು ಕೆಟ್ಟಿತ್ತಲ್ಲ."

ಸಂಚಾಲಕರು ಕನ್ನಡಕ ಹಾಕಿಕೊಂಡು ಸಹಿ ಮಾಡಿದರು.

೬
ಸಂಜೆ ಅಕ್ಕನೇ ಫೋನ್ ಮಾಡಿದಳು.

"ಕುಲುಮೆ ವಿಭಾಗಕ್ಕೆ ಹಾಕಿದೀನಿ."

ಆ ಕಡೆ ಬಸ್ಸಿನ ಸದ್ದು. ಆಮೇಲೆ, "ಹೂಂ."

"ಖಾಲಿ ಯಾಕೆ ಬಿಟ್ಟೆ?"

"ವಿಂಗಡಿಸೋದು ನೀನು ಅಂತ ಗೊತ್ತಿತ್ತು. ನೀನೇ ಬರೀಲಿ ಅಂತ."

"ಮೀಟರು ಕೆಟ್ಟಿದ್ದು ನಂಗೆ ಅವತ್ತೇ ಗೊತ್ತಿತ್ತು ಕಣೇ."

"ನಿಂಗೆ ಗೊತ್ತಿತ್ತು ಅಂತ ನಂಗೂ ಗೊತ್ತಿತ್ತು."

೭
ಮುಕ್ತಾಯ, ಮೊದಲನೆಯದು: ಅಕ್ಕತಂಗಿಯರ ಅಪ್ಪುಗೆ. (ಸಕ್ಕರೆ ಜಾಸ್ತಿಯಾಯಿತು.) ಎರಡನೆಯದು: ತಂಗಿ ಸಮ್ಮೇಳನಕ್ಕೆ ಬರುವುದೇ ಇಲ್ಲ. (ಸೇಡು ಓದಲು ಚೆಂದ. ಆದರೆ ಅವಳು ಟಿಕೆಟ್ ತೆಗೆಸಿಯಾಗಿದೆ.)

ಆದದ್ದಿಷ್ಟು. ಎರಡನೇ ದಿನ, ಸಣ್ಣ ಸಭಾಂಗಣ. ತಂಗಿ ಹದಿನೈದು ನಿಮಿಷ ಮಾತಾಡಿದಳು. ಅಕ್ಕ ಮೂರನೇ ಸಾಲಿನಲ್ಲಿದ್ದಳು. ಪ್ರಶ್ನೆಗಳ ಹೊತ್ತಿಗೆ ಹಿಂದಿನಿಂದ ಯಾರೋ ಕೇಳಿದರು: "ಆಗ ಕುಲುಮೆ ನೋಡ್ಕೊಳ್ತಿದ್ದಿದ್ದು ಯಾರು?"

ತಂಗಿ ಮೈಕ್ ಹಿಡಿದು ಮೂರನೇ ಸಾಲಿನತ್ತ ನೋಡಿದಳು. ಅವಳಿಗೊಂದು ಉತ್ತರ ಕೊಡೋಣವೆಂದು ನಾನು ಪೆನ್ನು ಎತ್ತಿದೆ. ಅಷ್ಟರಲ್ಲಿ ಅಕ್ಕ ಎದ್ದು ನಿಂತಾಗಿತ್ತು.

"ನೀವು ಬರೆದಿದ್ದು ಸಾಕು," ಎಂದಳು ನನಗೆ, "ಮುಂದಿನದ್ದು ನಾನೇ ಹೇಳ್ತೀನಿ."