ಅಂಗೈಯ ಪಂಚಾಮೃತ

"ನುಂಗ್ಬುಡು ಮಗಾ. ಪಂಚಾಮೃತ ಉಗೀಬಾರ್ದು," ಎಂದು ಚನ್ನಮಲ್ಲಮ್ಮ ಮೊಮ್ಮಗಳ ಗದ್ದ ಹಿಡಿದರು. ಎಂಟು ವರ್ಷದ ಮಾನಸ ಬಾಯಿ ಬಿಗಿಹಿಡಿದು ಅಮ್ಮ ಲೋಹಿತಾಳ ಕಡೆ ನೋಡಿದಳು. ಕಣ್ಣು ತುಂಬಿತ್ತು.

ಶ್ರಾವಣ ಸೋಮವಾರದ ಪೂಜೆಗೆಂದು ಮಧುಗಿರಿಯಿಂದ ಪುರವರಕ್ಕೆ ಬಂದ ಕೂಡಲೇ ಲೋಹಿತಾ ಬಾಳೆಹಣ್ಣಿನ ವಿಷಯ ಅತ್ತೆಗೆ ಹೇಳಿದ್ದಳು. ದಾರಿಯುದ್ದಕ್ಕೂ ಕಾಂಗ್ರೆಸ್ ಗಿಡ ಬೆಳ್ಳಗೆ ಹೂ ಬಿಟ್ಟಿತ್ತು. ಬಸ್ಸಿಳಿಯುತ್ತಲೇ ಮಗಳ ಮೂಗು ಸೋರತೊಡಗಿತ್ತು. ಈ ಹೂವಿನ ಕಾಲದಲ್ಲಿ ಬಾಳೆಹಣ್ಣು ಕೊಡಬೇಡಿ, ಪರಾಗ ಯಾವುದು ಹಣ್ಣು ಯಾವುದು ಎಂದು ತಿಳಿಯದೆ ಇವಳ ಮೈ ಎರಡರ ಮೇಲೂ ತಿರುಗಿಬೀಳುತ್ತದೆ ಎಂದು ತುಮಕೂರಿನ ಡಾಕ್ಟರು ಹೇಳಿದ್ದರು. ಅದಕ್ಕೇ ಅವಳು ಎರಡೆರಡು ಸಲ ಕೇಳಿದ್ದು. "ಬಾಳೆಹಣ್ಣು ಹಾಕಿಲ್ಲ ಕಣಮ್ಮ, ಬರೀ ಹಾಲು, ಮೊಸರು, ತುಪ್ಪ, ಜೇನು, ಸಕ್ಕರೆ," ಎಂದಿದ್ದರು ಅತ್ತೆ, ದೇವರ ಮುಂದೆಯೇ ನಿಂತು.

ಮಾನಸಳ ತುಟಿ ಕೆಂಪಗೆ ಊದತೊಡಗಿತು. ಲೋಹಿತಾ ಅವಳ ಬಾಯಿಯ ಕೆಳಗೆ ಅಂಗೈ ಒಡ್ಡಿದಳು.

"ಉಗಿ."

ಜೊಲ್ಲಿನ ಜೊತೆ ನುಣ್ಣಗೆ ಕಿವುಚಿದ ಬಾಳೆಹಣ್ಣು ಅಂಗೈಗೆ ಬಿತ್ತು.

"ಇದೇನತ್ತೆ?"

ಚನ್ನಮಲ್ಲಮ್ಮ ತಮ್ಮನ ಮುಖ ನೋಡಿದರು. ಕಂಬಕ್ಕೊರಗಿ ಕೂತಿದ್ದ ನಂದೀಶ್ವರಯ್ಯ ನಕ್ಕರು. "ನಾನೇ ಹಾಕ್ಸಿದ್ದು. ಬೇಸಿಗೇಲಿ ಇದೇ ಮನೇಲಿ ಎಲ್ಡೆಲ್ಡು ಹಣ್ಣು ತಿಂದೋಳು, ಈಗ ಆಗಲ್ಲ ಅಂದ್ರೆ ಹೆಂಗಮ್ಮ ನಂಬೋದು? ನೋಡಾನ ಅಂದೆ."

ಮಗಳು ಪಂಚಾಮೃತಕ್ಕೆ ಕೈ ಒಡ್ಡಿದಾಗ ಪಡಸಾಲೆಯೆಲ್ಲ ಯಾಕೆ ಗಪ್‌ಚಿಪ್ಪಾಗಿತ್ತು ಎಂದು ಲೋಹಿತಾಗೆ ಈಗ ಹೊಳೆಯಿತು. ಪೂಜೆಗೆ ಕೂಡಿದ್ದ ನೆಂಟರಿಗೆಲ್ಲ ಗೊತ್ತಿತ್ತು. ಥೂ, ಮಗುವಿನ ಬಾಯಿ ಊದುತ್ತದೋ ಇಲ್ಲವೋ ಎಂದು ವಿಭೂತಿ ಬಳಿದುಕೊಂಡು ಕಾದು ಕೂತಿದ್ದರು. ಕೈಯಲ್ಲಿದ್ದ ಎಂಜಲು ಅವಳಿಗೆ ಹೇಸಿಗೆ ಅನ್ನಿಸಲಿಲ್ಲ. ಹೇಸಿಗೆಯಾದದ್ದು ಆ ಮುಖಗಳನ್ನು ನೋಡಿ.

"ನೋಡಿದ್ರಲ್ಲ ಮಾವ," ಎಂದಳು.

"ನೆಲಕ್ಕೆ ಚೆಲ್ಬೇಡ ಕಣಮ್ಮ, ಪ್ರಸಾದ. ತಲೆಗೆ ಒರೆಸ್ಕೊ," ಎಂದರು ಅತ್ತೆ ಮೆಲ್ಲಗೆ.

ಲೋಹಿತಾ ಬಚ್ಚಲಿಗೆ ಹೋಗಿ ಸೋಪು ಹಚ್ಚಿ ಕೈ ತೊಳೆದಳು. ಮಗಳ ಬಾಯಿ ತೊಳೆಸಿ, ಡಾಕ್ಟರು ಕೊಟ್ಟಿದ್ದ ಮಾತ್ರೆ ನುಂಗಿಸಿ, ಊಟಕ್ಕೂ ನಿಲ್ಲದೆ ಬಸ್ಸು ಹತ್ತಿದಳು.

ಸಂಜೆ ಹೊತ್ತಿಗೆ ತುಟಿ ಇಳಿಯಿತು. ಮಧುಗಿರಿಯ ಮನೆಯಲ್ಲಿ ಮೊಸರನ್ನ ಕಲಸಿ, "ಬಾ ಪುಟ್ಟಿ," ಎಂದು ತುತ್ತು ಒಡ್ಡಿದಳು. ಹಸಿದಿದ್ದ ಮಾನಸ ಹತ್ತಿರ ಬಂದಳು. ಬಾಯಿ ತೆರೆಯಲಿಲ್ಲ. ಬಗ್ಗಿ, ಅಮ್ಮನ ಕೈಯನ್ನು ಮೂಸಿ ನೋಡಿದಳು.