ದರ್ಜಿಯ ಭಯ

ದರ್ಜಿಗೆ ಸಾವಿನ ಭಯಕ್ಕಿಂತ ಹೆಂಡತಿಯ ಅಕ್ಕರೆಯ ಭಯವೇ ಹೆಚ್ಚಾಗಿತ್ತು.

ಶ್ವಾಸಕೋಶ ಕೆಟ್ಟು, ನಾಲ್ಕು ಹೆಜ್ಜೆ ಇಟ್ಟರೂ ಏದುಸಿರು ಬರುತ್ತಿದ್ದ ಅವನಿಗೆ ಡಾಕ್ಟರು ಹೇಳಿದ್ದರು: “ಮುಂದೆ ಉಸಿರಾಟಕ್ಕೆ ಮೆಷಿನ್ ಹಾಕೋ ಪರಿಸ್ಥಿತಿ ಬರಬಹುದು. ಹಾಕಿದ ಮೇಲೆ ತೆಗೆಯೋದು ಕಷ್ಟ. ಬೇಕೋ ಬೇಡ್ವೋ, ಈಗ್ಲೇ ಮನೇಲಿ ಮಾತಾಡ್ಕೊಳ್ಳಿ.”

ಅವನು ಬಾಯಿ ತೆರೆಯುವ ಮೊದಲೇ ಹೆಂಡತಿ, “ಮಾತಾಡೋದೇನು? ಎಲ್ಲಾ ಹಾಕಿ. ಏನೂ ಬಿಡಬೇಡಿ,” ಎಂದಳು.

ಅತ್ತೆಯ ಪಾಡು ನೋಡಿದ್ದನಲ್ಲ! ಇದೇ ಹೆಂಡತಿ ತನ್ನ ತಾಯಿಯನ್ನು ಸಾಯಲು ಬಿಡದೆ ತಿಂಗಳುಗಟ್ಟಲೆ ಒಳಕೋಣೆಯಲ್ಲಿ ಉಳಿಸಿಕೊಂಡಿದ್ದಳು. ಊಟಕ್ಕೆ ಮೂಗಿಗೆ ಹಾಕಿದ್ದ ನಳಿಕೆ ಕಿತ್ತುಕೊಂಡಾಳೆಂದು ಮುದುಕಿಯ ಕೈಗಳನ್ನು ಮಂಚಕ್ಕೆ ಕಟ್ಟಿದ್ದಳು. ಕಟ್ಟಲು ಮೆತ್ತನೆಯ ಬಟ್ಟೆ ಕತ್ತರಿಸಿ ಕೊಟ್ಟವನು ಇವನೇ. ಈಗ ಹೊಲಿಗೆ ಯಂತ್ರದ ಮುಂದೆ ಕೂತರೂ ಕಣ್ಣಿಗೆ ಕಟ್ಟುವುದು ಅದೇ ಮಂಚ. ಮಲಗಿರುವವನು ಮಾತ್ರ ತಾನು.

ಒಂದು ಮಧ್ಯಾಹ್ನ ಹೆಂಡತಿ ಅಂಗಡಿಗೆ ಊಟ ತಂದಾಗ ಹೇಳಿಯೇಬಿಟ್ಟ: “ನನಗೆ ಮೆಷಿನ್ ಬೇಡ ಕಣೇ. ನಳಿಕೇನೂ ಬೇಡ.”

ಡಬ್ಬಿಯ ಮುಚ್ಚಳ ಅವಳ ಕೈಯಲ್ಲೇ ಉಳಿಯಿತು. “ಅಂದ್ರೆ, ಅಮ್ಮನಿಗೆ ನಾನು ಮಾಡಿದ್ದು ತಪ್ಪು ಅಂತೀರಾ?”

ಹೌದೆಂದರೆ ಅವಳು ಕುಸಿದುಹೋಗುತ್ತಾಳೆ, ಇಲ್ಲವೆಂದರೆ ತನಗೂ ಅದೇ ಗತಿ. “ನನಗೆ ಹೆದರಿಕೆ ಆಗುತ್ತೆ,” ಎಂದಷ್ಟೇ ಹೇಳಿದ.

ಅವಳು ಎದ್ದು ಹೋದಳು. ಅಂದಿನಿಂದ ಮನೆಯಲ್ಲಿ ಮಾತಿಲ್ಲ, ಕತೆಯಿಲ್ಲ. ಮದುವೆಯಾದಾಗಿನಿಂದ ಅವಳ ಬಾಯಿ ಮುಚ್ಚಿಸಲಾಗದೆ ಸೋತಿದ್ದವನಿಗೆ ಈ ಮೌನ ಇನ್ನಷ್ಟು ದಿಗಿಲು ಹುಟ್ಟಿಸಿತು.

ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಡಾಕ್ಟರು ಮತ್ತೆ ಅದನ್ನೇ ಕೇಳಿದರು. ಅವನು ಹೆಂಡತಿಯ ಮುಖ ನೋಡಿದ.

“ಬೇಡವಂತೆ, ಬರ್ಕೊಳ್ಳಿ,” ಎಂದಳು ಅವಳು. “ಆದ್ರೆ ಆ ದಿನ ಬಂದ್ರೆ, ಎಲ್ಲಾ ಹಾಕಿ ಅಂತ ನಾನು ಕಿರುಚ್ತೀನಿ. ನನಗೆ ನನ್ನ ಬುದ್ಧಿ ಗೊತ್ತು. ಆಗ ನನ್ನ ಮಾತು ಕೇಳ್ಬೇಡಿ. ನನ್ನ ತಂಗೀನ ಕೇಳಿ.”

ದರ್ಜಿ ದಂಗಾದ. ಅಮ್ಮನಿಗೆ ನಳಿಕೆ ಬೇಡ ಅಂದಳೆಂಬ ಸಿಟ್ಟಿಗೆ ಆ ತಂಗಿಯ ಜೊತೆ ಮಾತು ಬಿಟ್ಟವಳು ಇವಳು!

ಹೊರಗಿನ ಬೆಂಚಿನ ಮೇಲೆ ಕೂತು ಅವಳೇ ಫೋನ್ ಮಾಡಿದಳು. “ನಾನು ಕಣೇ, ಅಕ್ಕ. ನಿನ್ನ ಭಾವನ ವಿಷಯ. ಬರ್ತೀಯಾ?”

“ನಾಳೆ ಬರ್ತಾಳಂತೆ,” ಎಂದಳು ಫೋನಿಟ್ಟು. ಆಮೇಲೆ ತೀರಾ ಸಣ್ಣ ದನಿಯಲ್ಲಿ, “ಬಂದ್ರೆ ಅವಳ ಹತ್ರ ಏನಂತ ಮಾತಾಡ್ಲಿ ರೀ?”

ಅವನು ಅವಳ ಪಕ್ಕಕ್ಕೆ ಸರಿದು ಕೂತ.